ಕೂಸಿಗಿಂತ ಮುಂಚಿನ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವರ ಗೊತ್ತಾಗುವ ಮೊದಲೇ ಚಪ್ಪರದ ಗಳುಗಳನ್ನು ಎಣಿಸುವ ತಂದೆಗೂ, ಪರೀಕ್ಷೆಯ ಫಲ ಹೊರಬೀಳುವ ಮುನ್ನವೇ ಮಗನ ಉದ್ಯೋಗದ ಊರನ್ನು ನಿಶ್ಚಯಿಸಿಬಿಡುವ ತಾಯಿಗೂ ಮನೆಯ ಹಿರಿಯರು ಈ ಮಾತನ್ನು ಹೇಳಿ ನಗುವುದುಂಟು. ಆ ನಗೆಯಲ್ಲಿ ಕಹಿಯಿಲ್ಲ, ವಿವೇಕವಿದೆ. ಇನ್ನೂ ಕಾಣದ ತಲೆಗೆ ಅಳತೆ ಹಿಡಿಯುವುದು ಹೇಗೆ? ಬಟ್ಟೆಯೂ ದಂಡ, ಹೊಲಿಗೆಯೂ ದಂಡ. ಸಂಸಾರದ ವ್ಯವಹಾರದಲ್ಲಿ ಈ ಗಾದೆಯನ್ನು ಮೀರಿ ನಡೆದವರು ಪಶ್ಚಾತ್ತಾಪಪಟ್ಟಿರುವುದೇ ಹೆಚ್ಚು.

ವಿದ್ಯೆಯ ವ್ಯವಹಾರದಲ್ಲಿ ಮಾತ್ರ ಇದೇ ಗಾದೆಯನ್ನು ಸ್ವಲ್ಪ ತಡೆದು ಹೇಳಬೇಕಾಗುತ್ತದೆ. ಅಲ್ಲಿ ಒಮ್ಮೊಮ್ಮೆ ಕುಲಾವಿಯೇ ಮೊದಲು ಸಿದ್ಧವಾಗುವುದು. ಹತ್ತಾರು ವರ್ಷ ಪೆಟ್ಟಿಗೆಯಲ್ಲಿ ಮಡಿಸಿದಂತೆಯೇ ಇರುವುದು. ಹೊಲಿದವರ ಕೈ ಬೇರೆ ಕೆಲಸಕ್ಕೆ ತಿರುಗಿರುವ ಹೊತ್ತಿಗೆ ಕೂಸು ಹುಟ್ಟಿ, ಕುಲಾವಿಯು ಅದರ ತಲೆಗೆ ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದಿಕೊಳ್ಳುವುದು. ಬೆಳಕನ್ನೇ ಉಳಿಯನ್ನಾಗಿ ಹಿಡಿದು ಕಣ್ಣಿಗೆ ಕಾಣದಷ್ಟು ಸಣ್ಣ ಶಿಲ್ಪಗಳನ್ನು ಮಾಡುವ ಈಚಿನ ವಿದ್ಯೆಯ ಹಿಂದೆ ಅಂಥದೊಂದು ಕುಲಾವಿಯ ಕಥೆಯಿದೆ.

೨೦೦೧ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾನಿಲಯದ ಸತೋಶಿ ಕವಾಟಾ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ‘ನೇಚರ್’ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಒಂದು ಹೋರಿಯ ಚಿತ್ರವನ್ನು ಪ್ರಕಟಿಸಿದರು. ಕೊಂಬು, ಕಾಲು, ಬಾಲ, ಮೈಯ ಉಬ್ಬುತಗ್ಗು ಎಲ್ಲವೂ ಸ್ಪಷ್ಟವಾಗಿದ್ದ ಆ ಹೋರಿಯು ನೋಡುವುದಕ್ಕೆ ಮಕ್ಕಳ ಆಟದ ಬೊಂಬೆಯಂತೆಯೇ ಇತ್ತು. ಆದರೆ ಅದರ ಉದ್ದ ೧೦ ಮೈಕ್ರಾನ್, ಎತ್ತರ ೭ ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರಾನೆಂದು ಹೆಸರು. ಮನುಷ್ಯನ ರಕ್ತದಲ್ಲಿ ತೇಲುವ ಕೆಂಪು ಕಣವೊಂದರ ಅಗಲವೂ ಹೆಚ್ಚುಕಡಿಮೆ ಇಷ್ಟೇ. ಸಾಸಿವೆಯ ಕಾಳೊಂದರ ಅಗಲದಲ್ಲಿ ಇಂಥ ಹೋರಿಗಳನ್ನು ಒಂದರ ಹಿಂದೊಂದರಂತೆ ನಿಲ್ಲಿಸಿದರೆ ನೂರಕ್ಕೂ ಹೆಚ್ಚು ಹಿಡಿಸುವುವು. ಅದನ್ನು ಕಡೆದ ಉಳಿ ಯಾವುದು, ಎರಕ ಹೊಯ್ದ ಅಚ್ಚು ಯಾವುದು ಎಂದು ಕೇಳಿದರೆ ಎರಡೂ ಇಲ್ಲವೆಂದೇ ಉತ್ತರ. ಅದನ್ನು ಮಾಡಿದ್ದು ಲೇಸರ್ ಬೆಳಕು. ಮಾಡಿದ ದ್ರವ್ಯ ಒಂದು ಬಗೆಯ ರಾಳ.

ಈ ರಾಳದ ಗುಣವನ್ನು ಇಂದು ವಿದ್ಯಾವಂತರ ಮನೆಗಳಲ್ಲಿ ಅನೇಕರು ಬಾಯಲ್ಲಿಯೇ ಕಂಡುಕೊಂಡಿರುತ್ತಾರೆ. ಹಲ್ಲಿನ ವೈದ್ಯರು ಹುಳುಕಿಗೆ ಮೆತ್ತನೆಯ ಲೇಪವೊಂದನ್ನು ತುಂಬಿ, ನೀಲಿಯ ದೀಪವೊಂದನ್ನು ಕೆಲವು ಕ್ಷಣ ಹಿಡಿಯುತ್ತಾರೆ, ಲೇಪ ಕಲ್ಲಿನಂತಾಗುತ್ತದೆ. ಲೇಪದಲ್ಲಿರುವ ಚಿಕ್ಕ ಅಣುಗಳು ಬಿಡಿಬಿಡಿಯಾಗಿರುವಾಗ ಅದು ಹರಿಯುವ ಅಥವಾ ಮೆತ್ತಗಿನ ಪದಾರ್ಥ. ಅದರೊಳಗೆ ಸೇರಿಸಿರುವ ಪ್ರಚೋದಕವೊಂದು ಬೆಳಕಿನ ಕಣವನ್ನು ನುಂಗಿದ ಕೂಡಲೆ ಒಡೆದು, ಪಕ್ಕದ ಅಣುವಿನ ಕೈ ಹಿಡಿಯುತ್ತದೆ. ಆ ಅಣು ಇನ್ನೊಂದರ ಕೈ ಹಿಡಿಯುತ್ತದೆ. ಹೀಗೆ ಸಾವಿರಾರು ಅಣುಗಳು ಸರಪಳಿಯಾಗಿ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹೀಗೆ ಹೆಣೆದುಕೊಂಡ ಪದಾರ್ಥಕ್ಕೆ ಪಾಲಿಮರ್ ಎಂದು ಹೆಸರು. ಸಾಮಾನ್ಯವಾಗಿ ಈ ಕೆಲಸವನ್ನು ಮಾಡಿಸುವುದು ನೀಲಿ ಅಥವಾ ಅತಿನೇರಳೆ ಬೆಳಕು. ಏಕೆಂದರೆ ಅದರ ಒಂದೊಂದು ಕಣದಲ್ಲಿಯೂ ಪ್ರಚೋದಕವನ್ನು ಒಡೆಯುವಷ್ಟು ಶಕ್ತಿಯಿರುತ್ತದೆ. ಕೆಂಪು ಬೆಳಕಿನ ಕಣಕ್ಕೆ ಅಷ್ಟು ಶಕ್ತಿಯಿಲ್ಲ. ಕೆಂಪು ಬೆಳಕು ಗಾಜಿನೊಳಗೆ ಹಾಯುವಂತೆ ರಾಳದೊಳಗೆ ಹಾಯ್ದು ಹೊರಟುಹೋಗುತ್ತದೆ.

ತೊಡಕು ಇರುವುದು ಇಲ್ಲಿಯೇ. ಅತಿನೇರಳೆ ಬೆಳಕು ಹೋದ ದಾರಿಯಲ್ಲೆಲ್ಲ ರಾಳ ಗಟ್ಟಿಯಾಗುತ್ತದೆ. ಹಾಲಿಗೆ ಹೆಪ್ಪು ಹಾಕಿ, ಪಾತ್ರೆಯ ನಡುವಿನ ಒಂದು ಚಮಚದಷ್ಟು ಮಾತ್ರ ಮೊಸರಾಗಲೆಂದರೆ ಆದೀತೇ? ೧೯೮೧ರಲ್ಲಿ ಜಪಾನಿನ ನಗೋಯಾದಲ್ಲಿ ಹಿದೆಯೊ ಕೊಡಾಮಾ ಎಂಬವರೂ, ಅಮೆರಿಕದಲ್ಲಿ ೧೯೮೬ರಲ್ಲಿ ಹಕ್ಕುಪತ್ರ ಪಡೆದ ಚಾರ್ಲ್ಸ್ ಹಲ್ ಎಂಬವರೂ ಈ ತೊಡಕನ್ನು ಬಳಸಿಕೊಂಡು ಹೋಗುವ ಉಪಾಯವನ್ನು ಕಂಡರು. ರಾಳದ ಮೇಲ್ಮೈಯ ಒಂದು ತೆಳುಪದರವನ್ನು ಗಟ್ಟಿಮಾಡುವುದು, ಅದರ ಮೇಲೆ ಇನ್ನಷ್ಟು ರಾಳ ಹರಿಯಬಿಡುವುದು, ಮತ್ತೆ ಗಟ್ಟಿಮಾಡುವುದು—ಹೀಗೆ ಮಣ್ಣಿನ ಗೋಡೆಯನ್ನು ವರಸೆವರಸೆಯಾಗಿ ಏರಿಸಿದಂತೆ. ಇದರಿಂದ ದೊಡ್ಡ ವಸ್ತುಗಳು ಚೆನ್ನಾಗಿಯೇ ಬಂದುವು. ಆದರೆ ರಕ್ತಕಣದಷ್ಟು ಹೋರಿಯನ್ನು ಮಾಡಬೇಕಾದರೆ ಪದರದ ಮಾತು ಸಾಲದು. ದ್ರವದ ಒಡಲಿನೊಳಗೆ, ಮೇಲೆ ಕೆಳಗೆ ಏನನ್ನೂ ಮುಟ್ಟದೆ, ಬೇಕಾದ ಒಂದೇ ಬಿಂದುವನ್ನು ಗಟ್ಟಿಮಾಡುವ ಬೆಳಕು ಬೇಕು. ಅಂಥ ಬೆಳಕಿನ ಲೆಕ್ಕವನ್ನು ಎಷ್ಟೋ ಮುಂಚೆಯೇ ಒಬ್ಬಾಕೆ ಬರೆದಿಟ್ಟಿದ್ದರು.

ಮರಿಯಾ ಗೋಪರ್ಟ್ ೧೯೦೬ರಲ್ಲಿ ಕಾಟೊವಿಟ್ಸ್ ಎಂಬಲ್ಲಿ ಹುಟ್ಟಿದರು. ಆಗ ಜರ್ಮನಿಯದಾಗಿದ್ದ ಆ ಊರು ಇಂದು ಪೋಲೆಂಡಿಗೆ ಸೇರಿದೆ. ತಂದೆ ಮಕ್ಕಳ ವೈದ್ಯರು. ಆ ಮನೆತನದಲ್ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಆರನೆಯ ತಲೆಮಾರಿನವರು. ಮಗಳು ಬೆಳೆದದ್ದು ಗಾಟಿಂಗೆನ್ ಪಟ್ಟಣದಲ್ಲಿ. ೧೯೨೪ರಲ್ಲಿ ಗಣಿತವನ್ನು ಓದಬೇಕೆಂದು ಅಲ್ಲಿನ ವಿಶ್ವವಿದ್ಯಾನಿಲಯವನ್ನು ಸೇರಿದ ಆಕೆಯನ್ನು ಮ್ಯಾಕ್ಸ್ ಬಾರ್ನರ ಪಾಠಗಳು ಭೌತವಿಜ್ಞಾನದ ಕಡೆಗೆ ಸೆಳೆದುವು. ಪರಮಾಣುವಿನ ಹೊಸ ಶಾಸ್ತ್ರ ಕಣ್ಣೆದುರಿಗೆ ಹುಟ್ಟುತ್ತಿದ್ದ ಕಾಲ ಅದು. ಹುಟ್ಟುತ್ತಿದ್ದ ಮನೆಗಳಲ್ಲಿ ಗಾಟಿಂಗೆನ್ನೂ ಒಂದು. ೧೯೩೦ರಲ್ಲಿ ಆಕೆ ತಮ್ಮ ಮನೆಯಲ್ಲಿ ಬಿಡಾರವಿದ್ದ ಜೋಸೆಫ್ ಮೇಯರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರನ್ನು ಮದುವೆಯಾದರು. ಅದೇ ವರ್ಷ ಡಾಕ್ಟರ್ ಪದವಿಯನ್ನೂ ಪಡೆದರು. ಪರೀಕ್ಷಕರಾಗಿದ್ದ ಬಾರ್ನ್, ಜೇಮ್ಸ್ ಫ್ರಾಂಕ್, ಅಡಾಲ್ಫ್ ವಿಂಡಾಸ್ ಮೂವರೂ ನೊಬೆಲ್ ಪಾರಿತೋಷಕವನ್ನು ಮೊದಲೇ ಪಡೆದಿದ್ದವರು ಅಥವಾ ಮುಂದೆ ಪಡೆದವರು.

ಆಕೆಯ ಪ್ರಬಂಧ ೧೯೩೧ರಲ್ಲಿ ಅಚ್ಚಾಯಿತು. ಅದರ ಪ್ರಶ್ನೆ ಕೇಳುವುದಕ್ಕೆ ಸರಳ: ಒಂದು ಅಣು ಬೆಳಕಿನ ಒಂದು ಕಣವನ್ನು ನುಂಗುವುದು ಗೊತ್ತಿದೆ, ಎರಡು ಕಣಗಳನ್ನು ಒಂದೇ ಗುಟುಕಿನಲ್ಲಿ ನುಂಗಬಲ್ಲುದೇ? ನುಂಗಬಲ್ಲುದೆಂದೂ, ಆ ಸಂಭವ ಎಷ್ಟೆಂದೂ ಆಕೆ ಲೆಕ್ಕಮಾಡಿ ತೋರಿಸಿದರು. ಭಾರತೀಯ ವಾಚಕರಿಗೆ ಆ ಪ್ರಬಂಧದಲ್ಲಿ ಒಂದು ಪರಿಚಿತ ಹೆಸರು ಎದುರಾಗುತ್ತದೆ. ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಕಂಡ ಪರಿಣಾಮದಲ್ಲಿ, ಅಣುವಿಗೆ ತಗಲಿದ ಬೆಳಕಿನ ಕಣ ಒಂದು ಬಣ್ಣದ್ದು, ಹೊರಬಂದ ಕಣ ಇನ್ನೊಂದು ಬಣ್ಣದ್ದು. ಅಂದರೆ ಒಂದೇ ಘಟನೆಯಲ್ಲಿ ಎರಡು ಕಣಗಳ ಪಾತ್ರ. ಮರಿಯಾ ತಮ್ಮ ಪ್ರಬಂಧದ ಮೊದಮೊದಲ ಸಾಲುಗಳಲ್ಲಿಯೇ ರಾಮನ್ ಪರಿಣಾಮವನ್ನು ಹೆಸರಿಸಿ, ಅದಕ್ಕೆ ಸದೃಶವಾದ ಇನ್ನೊಂದು ಘಟನೆಯಿಂದ ತಮ್ಮ ಲೆಕ್ಕವನ್ನು ಆರಂಭಿಸುತ್ತಾರೆ.

ಆಕೆಯ ಲೆಕ್ಕದ ತಿರುಳನ್ನು ಮನೆಯ ಅಂಗಳದಲ್ಲಿಯೇ ಕಾಣಬಹುದು. ಅಂಗಳದಲ್ಲಿ ಬಿದ್ದಿರುವ ಒರಳುಕಲ್ಲನ್ನು ಜಗಲಿಗೆ ಎತ್ತಿಡಬೇಕು; ಒಬ್ಬರಿಂದ ಆಗದು, ಇಬ್ಬರು ಬೇಕು. ಒಬ್ಬರು ಬೆಳಗ್ಗೆ ಬಂದು ಹೋಗಿ, ಇನ್ನೊಬ್ಬರು ಮಧ್ಯಾಹ್ನ ಬಂದರೆ ಕಲ್ಲು ಇದ್ದಲ್ಲಿಯೇ ಇರುತ್ತದೆ. ಇಬ್ಬರೂ ಒಂದೇ ಕ್ಷಣದಲ್ಲಿ ಕೈಹಾಕಬೇಕು. ಬೆಳಕಿನ ಕಣಗಳ ವಿಷಯದಲ್ಲಿ ಆ ಒಂದೇ ಕ್ಷಣವೆಂದರೆ ಕಣ್ಣೆವೆಯಿಕ್ಕುವ ಹೊತ್ತಿನ ಕೋಟಿ ಕೋಟಿಯ ಒಂದಂಶ. ದಾರಿಹೋಕರು ವಿರಳವಾಗಿರುವ ಬೀದಿಯಲ್ಲಿ ಇಬ್ಬರು ಒಟ್ಟಿಗೆ ಬಂದು ಕೈಕೊಡುವುದು ಅಪರೂಪ. ಜಾತ್ರೆಯ ದಿನ ಅದೇ ಸುಲಭ. ಜನ ಎರಡರಷ್ಟಾದರೆ ಜೊತೆಗೂಡುವ ಸಂಭವ ನಾಲ್ಕರಷ್ಟು. ಜನ ಹತ್ತರಷ್ಟಾದರೆ ಸಂಭವ ನೂರರಷ್ಟು. ಬೆಳಕಿನ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಈ ಘಟನೆ ಹೆಚ್ಚುತ್ತದೆಂಬುದೇ ಪ್ರಬಂಧದ ಸಾರ.

ಮುಂದಿನ ವಿದ್ಯೆಯೆಲ್ಲವೂ ಈ ಒಂದು ವಾಕ್ಯದಲ್ಲಿ ಅಡಗಿತ್ತು. ಭೂತಗನ್ನಡಿಯಿಂದ ಬಿಸಿಲನ್ನು ಕಾಗದದ ಮೇಲೆ ಕೂಡಿಸಿದ ಹುಡುಗರಿಗೆಲ್ಲ ಗೊತ್ತು: ಬೆಳಕು ಆಲಿಕೆಯಂತೆ ಕಿರಿದಾಗುತ್ತ ಹೋಗಿ ಒಂದು ಬಿಂದುವಿನಲ್ಲಿ ಸೇರಿ, ಆಚೆ ಮತ್ತೆ ಅಗಲವಾಗುತ್ತದೆ. ಆಲಿಕೆಯ ಅಗಲವಾದ ಭಾಗದಲ್ಲಿ ಕಣಗಳು ಚದುರಿರುವುದರಿಂದ ಅವು ಜೊತೆಗೂಡುವ ಸಂಭವ ಬಹುಮಟ್ಟಿಗೆ ಸೊನ್ನೆ. ಬಿಂದುವಿನಲ್ಲಿ ಮಾತ್ರ ಜಾತ್ರೆಯ ಸಂದಣಿ. ಒಂಟಿಯಾಗಿ ರಾಳಕ್ಕೆ ಏನೂ ಮಾಡಲಾಗದ ಕೆಂಪು ಕಣಗಳು ಆ ಬಿಂದುವಿನಲ್ಲಿ ಎರಡೆರಡಾಗಿ ಸೇರಿ ಒಂದು ಅತಿನೇರಳೆ ಕಣದ ಕೆಲಸವನ್ನು ಮಾಡುತ್ತವೆ. ದಾರಿಯುದ್ದಕ್ಕೂ ನಿರುಪದ್ರವಿಯಾದ ಬೆಳಕು ಗುರಿಯನ್ನು ಮುಟ್ಟಿದಲ್ಲಿ ಮಾತ್ರ ಉಳಿಯಾಗುತ್ತದೆ. ಹಾಲಿನ ಪಾತ್ರೆಯ ನಡುವಿನ ಒಂದು ಚಮಚ ಮಾತ್ರ ಮೊಸರಾಗುವ ಉಪಾಯ ಇದೇ.

೧೯೩೧ರಲ್ಲಿ ಮಾತ್ರ ಇದೆಲ್ಲವೂ ಕಾಗದದ ಮೇಲಿನ ಲೆಕ್ಕವಾಗಿತ್ತು. ಆ ಕಾಲದ ಯಾವ ದೀಪದಲ್ಲಿಯೂ ಅಷ್ಟು ಸಂದಣಿಯಿರಲಿಲ್ಲ. ಈಚೆಗೆ ಶಾಸ್ತ್ರಜ್ಞರು ಹೇಳುವ ಒಂದು ಹೋಲಿಕೆಯಿಂದ ಅದರ ದುರ್ಲಭತೆ ತಿಳಿಯುತ್ತದೆ: ಬೆಳಕನ್ನು ಚೆನ್ನಾಗಿ ಹೀರುವ ಬಣ್ಣದ ಅಣುವೊಂದು ಪ್ರಖರವಾದ ಬಿಸಿಲಿನಲ್ಲಿ ಒಂದು ಕಣವನ್ನು ಸುಮಾರು ಸೆಕೆಂಡಿಗೊಮ್ಮೆ ನುಂಗಿದರೆ, ಎರಡು ಕಣಗಳನ್ನು ಒಟ್ಟಿಗೆ ನುಂಗುವುದು ಸುಮಾರು ಒಂದು ಕೋಟಿ ವರ್ಷಕ್ಕೊಮ್ಮೆ. ಕೋಟಿ ವರ್ಷಕ್ಕೊಮ್ಮೆ ನಡೆಯುವ ಸಂಗತಿಗೆ ಸೂತ್ರ ಬರೆದಿಟ್ಟವರನ್ನು ಕಂಡು ವ್ಯವಹಾರಜ್ಞರು ಗಾದೆಯನ್ನು ನೆನೆಸಿಕೊಂಡರೆ ತಪ್ಪೆನ್ನುವಂತಿಲ್ಲ.

ಕುಲಾವಿಯನ್ನು ಹೊಲಿದ ಮನೆಯೂ ಬಹುಕಾಲ ಉಳಿಯಲಿಲ್ಲ. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ಯೆಹೂದಿ ವಂಶದವರೆಂಬ ಕಾರಣದಿಂದ ಬಾರ್ನ್ ಅವರು ಪೀಠವನ್ನು ಕಳೆದುಕೊಂಡರು. ಫ್ರಾಂಕ್ ಅವರು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಗಾಟಿಂಗೆನ್ನಿನ ವಿದ್ವತ್ಸಭೆ ದಿಕ್ಕುದಿಕ್ಕಿಗೆ ಚದುರಿತು. ನೆಲೆ ತಪ್ಪಿದ ಬಾರ್ನ್ ಅವರು ೧೯೩೫ರ ಕೊನೆಯಿಂದ ೧೯೩೬ರ ಮೊದಲ ತಿಂಗಳುಗಳವರೆಗೆ ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆ ತರುವಾಯ ಎಡಿನ್‌ಬರೊದಲ್ಲಿ ಅವರಿಗೆ ಸ್ಥಿರವಾದ ಪೀಠ ದೊರೆಯಿತು. ಮರಿಯಾರ ಪ್ರಬಂಧ ಹೆಸರಿಸಿದ ಪರಿಣಾಮವನ್ನು ಕಂಡವರೂ, ಆ ಪ್ರಬಂಧವನ್ನು ಬರೆಸಿದ ಗುರುಗಳೂ ಹೀಗೆ ಕೆಲವು ತಿಂಗಳು ಕನ್ನಡ ನಾಡಿನ ಒಂದೇ ಅಂಗಳದಲ್ಲಿ ನಡೆದಾಡಿದರು.

ಮರಿಯಾ ಮದುವೆಯಾದ ವರ್ಷವೇ ಗಂಡನೊಡನೆ ಅಮೆರಿಕಕ್ಕೆ ಹೋದರು. ಅಲ್ಲಿ ಆಕೆಯ ವಿದ್ಯೆಗೆ ಮರ್ಯಾದೆ ಸಿಕ್ಕಿತು, ಸಂಬಳ ಸಿಕ್ಕಲಿಲ್ಲ. ಗಂಡ ಪ್ರಾಧ್ಯಾಪಕನಾಗಿರುವ ವಿಶ್ವವಿದ್ಯಾನಿಲಯ ಹೆಂಡತಿಗೂ ಹುದ್ದೆ ಕೊಡಬಾರದೆಂಬ ಕಟ್ಟಳೆ ಆ ದಿನಗಳಲ್ಲಿ ಅಲ್ಲಿ ಪ್ರಚಾರದಲ್ಲಿತ್ತು. ಬಾಲ್ಟಿಮೋರಿನಲ್ಲಿ ಒಂಬತ್ತು ವರ್ಷ, ಅಲ್ಪವಾದ ಒಂದು ಸಹಾಯಕ ವೇತನ ಮತ್ತು ಕುಳಿತು ಕೆಲಸಮಾಡಲು ಒಂದು ಕೋಣೆ. ನ್ಯೂಯಾರ್ಕಿನ ಕೊಲಂಬಿಯದಲ್ಲಿ ಕೋಣೆ ಮಾತ್ರ. ೧೯೪೬ರಿಂದ ಷಿಕಾಗೊದಲ್ಲಿ ಪ್ರಾಧ್ಯಾಪಕಿಯೆಂಬ ಬಿರುದು, ವಿಶ್ವವಿದ್ಯಾನಿಲಯದಿಂದ ವೇತನವಿಲ್ಲ. ಸಮೀಪದ ಆರ್ಗಾನ್ ಪ್ರಯೋಗಾಲಯದಲ್ಲಿ ಅರೆಹೊತ್ತಿನ ಕೆಲಸ. ಇಬ್ಬರು ಮಕ್ಕಳನ್ನು ಸಾಕುತ್ತ, ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ, ಆಕೆ ಲೆಕ್ಕವನ್ನು ಬಿಡಲಿಲ್ಲ. ಪರಮಾಣುವಿನ ಬೀಜದೊಳಗೆ ಕಣಗಳು ಈರುಳ್ಳಿಯ ಸಿಪ್ಪೆಗಳಂತೆ ಪದರಪದರವಾಗಿ ಇರುವ ಕ್ರಮವನ್ನು ಆಕೆ ಕಂಡದ್ದು ಈ ಸಂಬಳವಿಲ್ಲದ ದಿನಗಳಲ್ಲಿಯೇ; ೧೯೬೩ರಲ್ಲಿ ನೊಬೆಲ್ ಪಾರಿತೋಷಕ ಬಂದದ್ದು ಆ ಕೆಲಸಕ್ಕೆ. ಭೌತವಿಜ್ಞಾನದಲ್ಲಿ ಆ ಪಾರಿತೋಷಕವನ್ನು ಪಡೆದ ಹೆಂಗಸರಲ್ಲಿ ಆಕೆ ಎರಡನೆಯವರು. ಮೊದಲನೆಯವರು ೧೯೦೩ರಲ್ಲಿ ಮೇರಿ ಕ್ಯೂರಿ. ಎರಡು ಕಣಗಳ ಪ್ರಬಂಧದ ಹೆಸರನ್ನು ಆಗ ಎತ್ತಿದವರು ವಿರಳ.

ಪೂರ್ಣ ವೇತನದ ಪ್ರಾಧ್ಯಾಪಕ ಪದವಿ ಆಕೆಗೆ ದೊರೆತದ್ದು ೧೯೬೦ರಲ್ಲಿ, ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿ. ಆಗ ಆಕೆಗೆ ಐವತ್ತು ವರ್ಷ ದಾಟಿತ್ತು. ಹೋಗಿ ಸ್ವಲ್ಪ ಕಾಲಕ್ಕೇ ಪಾರ್ಶ್ವವಾಯು ಬಡಿಯಿತು. ಅದೇ ೧೯೬೦ರ ಮೇ ೧೬ರಂದು ಅದೇ ಕ್ಯಾಲಿಫೋರ್ನಿಯದ ಮಾಲಿಬು ಎಂಬಲ್ಲಿ ಥಿಯೊಡೋರ್ ಮೇಮನ್ ಎಂಬವರು ಮಾಣಿಕ್ಯದ ಕಡ್ಡಿಯೊಂದರಿಂದ ಮೊಟ್ಟಮೊದಲ ಲೇಸರ್ ಬೆಳಕನ್ನು ಹೊರಡಿಸಿದ್ದರು. ಕೂಸು ಹುಟ್ಟಿತು. ಮರುವರ್ಷವೇ ಬೆಲ್ ಪ್ರಯೋಗಾಲಯದ ಕೈಸರ್ ಮತ್ತು ಗ್ಯಾರೆಟ್ ಎಂಬವರು ಯುರೋಪಿಯಮ್ ಬೆರೆತ ಹರಳೊಂದರ ಮೇಲೆ ಮಾಣಿಕ್ಯದ ಕೆಂಪು ಬೆಳಕನ್ನು ಹಾಯಿಸಿದಾಗ ಹರಳು ನೀಲಿಯಾಗಿ ಹೊಳೆಯಿತು. ಕೆಂಪು ಕಣಕ್ಕಿಂತ ನೀಲಿ ಕಣದ ಶಕ್ತಿ ಹೆಚ್ಚು. ಎರಡು ಕೆಂಪು ಕಣಗಳು ಕೂಡದೆ ಒಂದು ನೀಲಿ ಕಣ ಹುಟ್ಟಲಾರದು. ಮೂವತ್ತು ವರ್ಷದ ಹಿಂದಿನ ಲೆಕ್ಕ ಕಣ್ಣೆದುರಿಗೆ ನಿಂತಿತು.

ಶಿಲ್ಪದ ಕೆಲಸಕ್ಕೆ ಇನ್ನೂ ಒಂದು ಬೇಕಾಗಿತ್ತು. ಎಡೆಬಿಡದೆ ಉರಿಯುವ ಪ್ರಬಲವಾದ ಬೆಳಕು ರಾಳವನ್ನು ಸುಟ್ಟೀತು. ಸಂದಣಿಯೂ ಬೇಕು, ಬಿಸಿಯೂ ಆಗಬಾರದು. ಇದಕ್ಕೆ ಒದಗಿದುದು ಮಿಡಿತಮಿಡಿತವಾಗಿ ಹೊರಡುವ ಲೇಸರ್. ಒಂದು ಸೆಕೆಂಡಿನಲ್ಲಿ ಸುಮಾರು ಎಂಟು ಕೋಟಿ ಮಿಡಿತ. ಒಂದೊಂದು ಮಿಡಿತದ ಆಯುಸ್ಸು ಸುಮಾರು ೧೦೦ ಫೆಮ್ಟೊಸೆಕೆಂಡ್. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕು ಅಷ್ಟು ಹೊತ್ತಿನಲ್ಲಿ ಓಡುವುದು ೩೦ ಮೈಕ್ರಾನ್ ಮಾತ್ರ, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಉಳಿದ ಹೊತ್ತೆಲ್ಲ ಕತ್ತಲೆ. ಆದಕಾರಣ ಸರಾಸರಿ ಬೆಳಕು ಮಂದವಾಗಿದ್ದರೂ ಮಿಡಿತದ ಕ್ಷಣದಲ್ಲಿ ಅದರ ಬಲ ಸರಾಸರಿಗಿಂತ ಲಕ್ಷ ಪಾಲಿಗೂ ಹೆಚ್ಚು. ಈ ಲೇಸರನ್ನು ೧೯೯೦ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿನ್‌ಫ್ರೀಡ್ ಡೆಂಕ್ ಮತ್ತು ಅವರ ಸಂಗಡಿಗರು ಸೂಕ್ಷ್ಮದರ್ಶಕಕ್ಕೆ ಜೋಡಿಸಿ ಜೀವಕೋಶಗಳನ್ನು ನೋಡಿದರು. ೧೯೯೭ರಲ್ಲಿ ಒಸಾಕಾದ ಶೋಜಿ ಮರುವೊ, ಒಸಾಮು ನಕಮುರಾ, ಕವಾಟಾ ಈ ಮೂವರು ಅದನ್ನು ರಾಳದೊಳಕ್ಕೆ ಇಳಿಸಿ, ದ್ರವದ ಒಡಲಿನೊಳಗೆ ಪುಟ್ಟ ಸುರುಳಿಯನ್ನು ಬರೆದರು. ಗಟ್ಟಿಯಾಗದೆ ಉಳಿದ ರಾಳವನ್ನು ತೊಳೆದರೆ ಸುರುಳಿ ಮಾತ್ರ ನಿಂತಿತು.

ಹೋರಿ ಬಂದದ್ದು ಅದಾದ ನಾಲ್ಕು ವರ್ಷಕ್ಕೆ. ಅದರಲ್ಲಿ ಕಂಡ ಅತಿಸೂಕ್ಷ್ಮವಾದ ವಿವರದ ಅಳತೆ ೧೨೦ ನ್ಯಾನೊಮೀಟರ್. ಮೈಕ್ರಾನಿನ ಎಂಟನೆಯ ಒಂದು ಪಾಲಿಗಿಂತ ಕಡಿಮೆ. ಬಳಸಿದ ಬೆಳಕಿನ ಅಲೆಯ ಉದ್ದ ೭೮೦ ನ್ಯಾನೊಮೀಟರ್. ಅಲೆಗಿಂತಲೂ ಅಲೆ ಬರೆದ ಗೆರೆ ಸಣ್ಣದಾದುದು ಹೇಗೆಂದರೆ, ರಾಳದಲ್ಲಿ ಕರಗಿರುವ ಆಮ್ಲಜನಕ ಸಣ್ಣಪುಟ್ಟ ಸರಪಳಿಗಳನ್ನು ಕಡಿದುಹಾಕುತ್ತದೆ. ಬಿಂದುವಿನ ನಟ್ಟನಡುವೆ, ಸಂದಣಿ ಅತ್ಯಧಿಕವಾದಲ್ಲಿ ಮಾತ್ರ ಸರಪಳಿ ಗೆಲ್ಲುತ್ತದೆ.

ಇಷ್ಟಾದರೂ ಬಿಂದು ಬಿಂದುವಾಗಿ ಬರೆಯುವ ಕೆಲಸ ಬಹು ನಿಧಾನ. ಹೋರಿಯ ಮೈಯನ್ನೆಲ್ಲ ಬಿಂದುಗಳಿಂದ ತುಂಬುವುದಕ್ಕೆ ಮೂರು ಗಂಟೆ ಹಿಡಿಯುತ್ತಿತ್ತು. ಚರ್ಮವನ್ನು ಮಾತ್ರ ಬರೆದು, ಒಳಗಿನ ರಾಳವನ್ನು ಆಮೇಲೆ ಸಾಮಾನ್ಯವಾದ ದೀಪದಿಂದ ಗಟ್ಟಿಮಾಡಿ ಅದನ್ನು ೧೩ ನಿಮಿಷಕ್ಕೆ ಇಳಿಸಿದರು. ಆದರೆ ಒಂದು ಮಿಲಿಮೀಟರ್ ಅಗಲ, ಉದ್ದ, ಎತ್ತರದ ತುಣುಕೊಂದನ್ನು ಮೈಕ್ರಾನಿನ ಹತ್ತನೆಯ ಒಂದು ಪಾಲಿನ ಬಿಂದುಗಳಿಂದ ತುಂಬಬೇಕಾದರೆ ಲಕ್ಷ ಕೋಟಿ ಬಿಂದುಗಳು ಬೇಕು. ಸೆಕೆಂಡಿಗೆ ಹತ್ತು ಲಕ್ಷ ಬಿಂದುಗಳನ್ನು ಇಟ್ಟರೂ ಹನ್ನೊಂದು ದಿನಕ್ಕೆ ಮುಗಿಯದು. ಒಬ್ಬಳೇ ಹೆಂಗಸು ಊರಿನ ಅಂಗಳಗಳಿಗೆಲ್ಲ ಚುಕ್ಕಿ ಇಟ್ಟು ರಂಗೋಲಿ ಹಾಕಲು ಹೊರಟಂತೆ.

ಆದುದರಿಂದ ಶಾಸ್ತ್ರಜ್ಞರು ಬೆಳಕಿನ ಬಿಂದುವನ್ನು ಓಡಿಸುವುದರ ಜೊತೆಗೆ ಬೆಳಕಿಗೇ ಆಕಾರ ಕೊಡಲು ತೊಡಗಿದರು. ಬೆಳಕು ಅಲೆಯೂ ಹೌದು. ಕೆರೆಯಲ್ಲಿ ಎರಡು ಕಲ್ಲು ಎಸೆದರೆ ಅಲೆಗಳು ಕೆಲವೆಡೆ ಕೂಡಿ ಎತ್ತರವಾಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಲೇಸರಿನ ದಾರಿಯಲ್ಲಿ ದ್ರವಹರಳಿನ ಫಲಕವೊಂದನ್ನಿಟ್ಟು, ಅದರ ಲಕ್ಷಾಂತರ ಮನೆಗಳಲ್ಲಿ ಒಂದೊಂದೂ ಬೆಳಕನ್ನು ಬೇರೆಬೇರೆಯಾಗಿ ಎಳೆಯಷ್ಟು ತಡೆದು ಬಿಡುವಂತೆ ಮಾಡಿದರೆ, ಅಲೆಗಳು ಬೇಕಾದಲ್ಲಿ ಕೂಡಿ ಬೇಡವಾದಲ್ಲಿ ಅಳಿಯುತ್ತವೆ. ಒಂದು ಬಿಂದುವಿನ ಬದಲು ನೂರು ಬಿಂದುಗಳು, ಗೆರೆ, ಬಳೆ—ಬೇಕಾದ ಆಕಾರದಲ್ಲಿ ಬೆಳಕು ರಾಳದೊಳಗೆ ಇಳಿಯುತ್ತದೆ. ೨೦೧೯ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರೂ ಹಾಂಕಾಂಗಿನ ಚೀನೀ ವಿಶ್ವವಿದ್ಯಾನಿಲಯದವರೂ ಸೇರಿ, ಪುಟ್ಟ ಕನ್ನಡಿಗಳ ಫಲಕದಿಂದ ಇಡಿಯ ಚಿತ್ರವೊಂದನ್ನು ಒಂದೇ ಬಾರಿಗೆ ರಾಳದೊಳಗೆ ಮೂಡಿಸಿ, ಕೆಲಸದ ವೇಗವನ್ನು ಸಾವಿರ ಪಾಲಿನವರೆಗೆ ಹೆಚ್ಚಿಸಿದರು.

ಬೆಳಕಿಗೆ ಆಕಾರ ಕೊಡುವ ಈ ವಿದ್ಯೆಗೂ ಮುಂಚೆಯೇ ಹೊಲಿದ ಕುಲಾವಿಯೊಂದಿತ್ತು. ೧೯೪೭ರಲ್ಲಿ ಇಂಗ್ಲೆಂಡಿನಲ್ಲಿದ್ದ ಹಂಗೆರಿಯ ಡೆನಿಸ್ ಗೇಬರ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ತಿದ್ದುವ ಯೋಚನೆಯಲ್ಲಿದ್ದಾಗ, ಬೆಳಕಿನ ಅಲೆಯ ಸಂಪೂರ್ಣ ಆಕಾರವನ್ನು ಹಿಡಿದಿಟ್ಟು ಮತ್ತೆ ಹರಿಯಬಿಡುವ ಉಪಾಯವನ್ನು ಕಂಡರು. ಅದಕ್ಕೆ ಹಾಲೊಗ್ರಫಿಯೆಂದು ಹೆಸರಾಯಿತು. ತಕ್ಕ ಬೆಳಕಿಲ್ಲದೆ ಅದೂ ಹದಿನೈದು ವರ್ಷ ಪೆಟ್ಟಿಗೆಯಲ್ಲಿಯೇ ಇತ್ತು. ಲೇಸರ್ ಹುಟ್ಟಿದ ಮೇಲೆ, ೧೯೬೦ರ ದಶಕದ ಆದಿಯಲ್ಲಿ, ಮಿಷಿಗನ್ ವಿಶ್ವವಿದ್ಯಾನಿಲಯದ ಲೀತ್ ಮತ್ತು ಉಪಾಟ್ನೀಕ್ಸ್ ಅದಕ್ಕೆ ಜೀವ ತುಂಬಿದರು. ಗೇಬರ್ ಅವರಿಗೆ ೧೯೭೧ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಒಂದೇ ಕೂಸಿಗೆ ಇಬ್ಬರು, ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ನಂಟಿಲ್ಲದೆ, ಬೇರೆಬೇರೆ ಊರುಗಳಲ್ಲಿ ಉಡುಪು ಹೊಲಿದಿಟ್ಟಿದ್ದರು.

ಆಕಾರ ಪಡೆದ ಬೆಳಕಿನಲ್ಲಿ ವಿಚಿತ್ರವಾದುದೆಂದರೆ ತಿರುವುಳ್ಳ ಬೆಳಕು. ಅದರ ಅಲೆ ತಿರುಪಿನ ಮೊಳೆಯಂತೆ ಸುತ್ತುತ್ತ ಮುಂದೆ ಸಾಗುತ್ತದೆ. ನಡುವೆ ಕತ್ತಲೆ, ಸುತ್ತ ಬಳೆಯಂಥ ಪ್ರಭೆ. ಇಂಥ ಬೆಳಕು ತನ್ನೊಡನೆ ಸುತ್ತುವ ಬಲವನ್ನೂ ಒಯ್ಯುತ್ತದೆಂದು ೧೯೯೨ರಲ್ಲಿ ಲೆಸ್ ಆಲನ್ ಮತ್ತು ಹಾಲೆಂಡಿನ ಲೈಡನ್ನಿನ ವಿದ್ವಾಂಸರು ತೋರಿಸಿದರು. ೨೦೧೨ರಲ್ಲಿ ಇಟಲಿಯ ನೇಪಲ್ಸಿನವರು ಬೆಳಕು ಬಿದ್ದಲ್ಲಿ ಮೆಲ್ಲನೆ ಸರಿಯುವ ಗುಣವುಳ್ಳ ಒಂದು ಬಗೆಯ ಪಾಲಿಮರಿನ ಮೇಲೆ ಇದನ್ನು ಬೀಳಿಸಿದಾಗ, ಪಾಲಿಮರ್ ಸುರುಳಿಯಾಗಿ ಎದ್ದಿತು. ಬೆಳಕಿನ ತಿರುವನ್ನು ಎಡಬಲ ಮಾಡಿದರೆ ಸುರುಳಿಯೂ ಎಡಬಲವಾಯಿತು. ಎರಡು ವರ್ಷದ ತರುವಾಯ ಜಪಾನಿನ ಚಿಬಾದವರೂ ಇಂಥ ಸುರುಳಿಗಳನ್ನು ಎಬ್ಬಿಸಿದರು. ಕುಂಬಾರನ ತಿಗರಿ ಜೇಡಿಯನ್ನು ತಿರುಗಿಸಿ ಎತ್ತುವಂತೆ ಬೆಳಕು ಪದಾರ್ಥವನ್ನು ತಿರುಗಿಸಿ ಎತ್ತಿತು.

ಈ ವಿದ್ಯೆಯ ಪ್ರಯೋಜನ ಬೊಂಬೆಯಾಟದಲ್ಲಿ ಮುಗಿಯಲಿಲ್ಲ. ೨೦೧೬ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ವಿದ್ವಾಂಸರು ಹಲವು ಮಸೂರಗಳನ್ನು ಒಂದರ ಮೇಲೊಂದು ಜೋಡಿಸಿದಂಥ, ಉಪ್ಪಿನ ಹರಳಿಗಿಂತಲೂ ಚಿಕ್ಕದಾದ ಮಸೂರಗುಚ್ಛವನ್ನು ಈ ರೀತಿಯಲ್ಲಿ ಬರೆದರು. ಅದನ್ನು ಕೂದಲಿನಂಥ ಗಾಜಿನ ತಂತುವಿನ ತುದಿಯ ಮೇಲೆ ಮೂಡಿಸಬಹುದು. ಶರೀರದೊಳಗಿನ ಇಕ್ಕಟ್ಟಾದ ಎಡೆಗಳನ್ನು ನೋಡುವ ವೈದ್ಯರಿಗೆ ಇದರಿಂದ ಆಗಬಹುದಾದ ಉಪಕಾರವನ್ನು ವಿವರಿಸಬೇಕಾಗಿಲ್ಲ.

ಮರಿಯಾ ಇವುಗಳಲ್ಲಿ ಯಾವುದನ್ನೂ ನೋಡಲಿಲ್ಲ. ಆಕೆ ೧೯೭೨ರ ಫೆಬ್ರವರಿಯಲ್ಲಿ ತೀರಿಕೊಂಡರು. ಒಸಾಕಾದ ಸುರುಳಿಗೆ ಇನ್ನೂ ಇಪ್ಪತ್ತೈದು ವರ್ಷವಿತ್ತು. ಕೂಸು ಹುಟ್ಟಿದ್ದನ್ನು, ಕುಲಾವಿ ಹೊಂದಿದ್ದನ್ನು ಕಂಡರು. ಅದು ಬೆಳೆದು ಮಾಡಿದ ಕೆಲಸವನ್ನು ಕಾಣಲಿಲ್ಲ. ಒಂದು ಅಣು ಎರಡು ಕಣಗಳನ್ನು ಒಟ್ಟಿಗೆ ನುಂಗುವ ಸಾಮರ್ಥ್ಯವನ್ನು ಅಳೆಯುವ ಮಾನಕ್ಕೆ ವಿದ್ವಾಂಸರು ಆಕೆಯ ಹೆಸರನ್ನೇ ಇಟ್ಟಿದ್ದಾರೆ. ಹೊಸ ಪ್ರಚೋದಕವೊಂದನ್ನು ಬೆರೆಸುವ ರಸಾಯನಜ್ಞರು ಇಂದಿಗೂ ಅದು ಎಷ್ಟು ‘ಗೋಪರ್ಟ್-ಮೇಯರ್’ ತೂಗುತ್ತದೆಂದು ನೋಡುತ್ತಾರೆ.

ಆಕೆಯ ಕುಲಾವಿ ಹೊಂದಿಕೊಂಡದ್ದು ಅದೃಷ್ಟದಿಂದಲ್ಲ. ಕಾಣದ ಕೂಸಿನ ತಲೆಯನ್ನು ಊಹಿಸಿ ಆಕೆ ಹೊಲಿಯಲಿಲ್ಲ. ಹುಟ್ಟಿದ ಬೆಳಕಿಗೂ ಹುಟ್ಟಲಿರುವ ಬೆಳಕಿಗೂ ಒಂದೇ ಆದ ನಿಯಮವನ್ನು ಹಿಡಿದು ಅಳತೆ ಮಾಡಿದರು. ಹೀಗೆಂದು ಹೊಲಿದ ಕುಲಾವಿಗೆಲ್ಲ ಕೂಸು ಹುಟ್ಟಿಯೇ ತೀರುವುದೆಂದು ಹೇಳುವುದೂ ಸರಿಯಲ್ಲ. ಎಷ್ಟೋ ಮಂದಿಯ ಶ್ರಮ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಯಾವುದು ಉಳಿಯುವುದು, ಯಾವುದಕ್ಕೆ ಕೂಸು ಬರುವುದು ಎಂಬುದನ್ನು ಹೊಲಿಯುವಾಗ ಬಲ್ಲವರಿಲ್ಲ. ಆದಕಾರಣ ಹೊಲಿಯುವವರಿಗೆ ಮೂವತ್ತು ವರ್ಷ ಪೂರ್ಣ ವೇತನದ ಪದವಿಯನ್ನು ತಡೆದ ಲೋಕದ ಲೆಕ್ಕ ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆಕೆಯ ಛಲ ದೊಡ್ಡದೆಂದು ಹೊಗಳಿ ಆ ತಪ್ಪನ್ನು ಮುಚ್ಚುವುದೂ ನ್ಯಾಯವಲ್ಲ.

ಇನ್ನೊಂದು ಕೆಲಸವೂ ಉಂಟು. ಅದನ್ನು ಮಾಡುವುದಕ್ಕೆ ಪಾಂಡಿತ್ಯ ಬೇಡ. ಹಳೆಯ ಮನೆಗಳಲ್ಲಿ ಅಜ್ಜಿಯರು ಕುಲಾವಿಯನ್ನು ಒಗೆದು, ಮಡಿಸಿ, ನಡುವೆ ಬೇವಿನ ಎಲೆಯಿಟ್ಟು ಪೆಟ್ಟಿಗೆಯಲ್ಲಿಡುತ್ತಿದ್ದರು. ಯಾವ ಮಗುವಿಗೆಂದು ಕೇಳಿದರೆ ಅವರಿಗೂ ತಿಳಿಯದು. ೧೯೩೧ರ ಆ ಸಂಪುಟವನ್ನು ಯಾರೋ ಬೈಂಡು ಮಾಡಿಸಿ, ಹುಳು ಹಿಡಿಯದಂತೆ ನೋಡಿಕೊಂಡು, ಯುದ್ಧದ ವರ್ಷಗಳನ್ನು ದಾಟಿಸಿ, ಗ್ರಂಥಾಲಯಗಳ ಕಪಾಟುಗಳಲ್ಲಿ ಉಳಿಸಿದರು. ಅವರ ಹೆಸರುಗಳು ಎಲ್ಲಿಯೂ ದಾಖಲಾಗಿಲ್ಲ. ಬೇಕಾದ ಹೊತ್ತಿಗೆ ಅದು ಅಲ್ಲಿ ಇತ್ತು.